ಇಳಿಸದ ಫಲಕ

ಪೆಟ್ಟಿಗೆಯ ಮೇಲೆ ಕೈಯಿಟ್ಟ ಸಿಗ್‌ಬ್ರಿಟ್ ಚಟಕ್ಕನೆ ಹಿಂದೆಳೆದುಕೊಂಡಳು. ಕಾವಲಿಯಂತೆ ಸುಡುತ್ತಿತ್ತು. ದ್ವೀಪದ ಗಾಳಿ, ಅಲೆಗಳ ಸುದ್ದಿಯನ್ನು ದೋಣಿಗಳಿಗೆ ಕಳಿಸುವ ಆ ಪುಟ್ಟ ಕಂಪ್ಯೂಟರಿನ ಸಿಪಿಯು ವಾರದಿಂದ ನೂರಕ್ಕೆ ನೂರು ಓಡುತ್ತಿತ್ತು. ಮಧ್ಯಾಹ್ನದೊಳಗೆ ಬ್ಯಾಟರಿ ಖಾಲಿ. ಪ್ರೋಗ್ರಾಂ ಬರೆದವಳು ಅವಳೇ, ಹೋದ ವಾರ ತಿದ್ದಿದವಳೂ ಅವಳೇ. ಏನು ತಿದ್ದಿದ್ದೆ ಎಂಬುದೇ ಮರೆತುಹೋಗಿತ್ತು. ಭಯವಿದ್ದದ್ದು ಅದಕ್ಕೇ. ಅಮ್ಮನ ಮರೆವೂ ಇದೇ ಅರವತ್ತೆರಡನೇ ವಯಸ್ಸಿಗೆ ಶುರುವಾಗಿತ್ತು, ಒಲೆ ಆರಿಸದೆ ಬಿಡುವುದರಿಂದ.

"ಇನ್ನೂ ಸಿಕ್ಕಿಲ್ವಾ ಕಳ್ಳ?" ನೆರೆಮನೆಯ ಹೋಲ್ಗರ್ ದಾಲ್ಚಿನ್ನಿ ಬನ್ನು ಹಿಡಿದು ಬಂದ. "ತಗೊಳೇ, ತಿನ್ನು. ತಲೆ ಓಡುತ್ತೆ."

"ತಲೆ ಇದ್ರೆ ತಾನೆ ಓಡೋಕೆ!"

ಜೂನ್ ತಿಂಗಳ ಮಂಜಿನಲ್ಲಿ ಸಮುದ್ರವೂ ಆಕಾಶವೂ ಒಂದೇ ಆಗಿದ್ದವು. ಅದರೊಳಗಿಂದ ಪ್ರಯಾಣಿಕರ ದೋಣಿ ಕನಸಿನಲ್ಲೆಂಬಂತೆ ತೇಲಿಬಂದು ದೋಣಿಕಟ್ಟೆಗೆ ತಾಗಿತು. ಹತ್ತುವವರಿಲ್ಲ, ಇಳಿಯುವವರಿಲ್ಲ. ಕಟ್ಟೆಯ ಕಂಬದ ಫಲಕ ಎತ್ತಿದ್ದರೆ ಮಾತ್ರ ದೋಣಿ ಇಲ್ಲಿಗೆ ಬರುವುದು.

"ಯಾರಪ್ಪಾ ಎತ್ತಿಟ್ಟು ಹೋಗಿರೋದು?" ದೋಣಿ ನಡೆಸುವ ತೂವಾ ಕೂಗಿದಳು. "ಬೆಳಿಗ್ಗೆಯಿಂದ ಮೂರು ಸಲ ಸುಮ್‌ಸುಮ್ನೆ ಬಂದೆ! ಎತ್ತಿದೋರು ಇಳಿಸ್ಬೇಕಲ್ವಾ?"

ಸಿಗ್‌ಬ್ರಿಟ್ ಕಂಬದತ್ತ ನೋಡಿದಳು. ತಂಗಿಯನ್ನು ದೋಣಿ ಹತ್ತಿಸಲು ಬೆಳಿಗ್ಗೆ ಎತ್ತಿದವಳು ಅವಳೇ.

ಮರುಗಳಿಗೆಯೇ ಇನ್ನೊಂದು ಹೊಳೆಯಿತು. ಅಯ್ಯೋ, ಪ್ರೋಗ್ರಾಮಿನಲ್ಲೂ ಇದೇ ಆಗಿದೆ! ಸುದ್ದಿ ಇದ್ದಾಗಷ್ಟೇ "ಕಳಿಸಲು ದಾರಿ ಬಿಡುವಾದರೆ ಎಬ್ಬಿಸು" ಎಂದು, ಸುದ್ದಿ ಹೊರಹೋಗುವ ಬಾಗಿಲಾದ ಸಾಕೆಟ್ಟಿಗೆ ಹೇಳಬೇಕು, ಕಳಿಸಿದ ಮೇಲೆ ಆ ಮಾತನ್ನು ಹಿಂದಕ್ಕೆ ಪಡೆಯಬೇಕು. ಪಡೆದಿರಲಿಲ್ಲ. ಅದು ಪಾಪ, ಸೆಕೆಂಡಿಗೆ ಸಾವಿರಾರು ಸಲ ಎಬ್ಬಿಸುತ್ತಿತ್ತು. ಪ್ರೋಗ್ರಾಂ ಎದ್ದು ಬಂದು, ಕಳಿಸಲು ಏನೂ ಇಲ್ಲದೆ ಮರಳುತ್ತಿತ್ತು.

ಒಂದೇ ಸಾಲು ಸೇರಿಸಿದಳು. ನೂರಿದ್ದ ಸಿಪಿಯು ಓಟ ಒಂದಕ್ಕಿಳಿಯಿತು. ಫಲಕ ಕಂಡು ಹೊಳೆದದ್ದೆಂದು ಹೋಲ್ಗರ್‌ಗೆ ಹೇಳಿದಳು.

"ನೋಡಿದ್ಯಾ, ನಿನ್ನ ತಲೆಗೇನೂ ಆಗಿಲ್ಲ ಕಣೇ," ಎಂದ ಹೋಲ್ಗರ್. "ಆ ಫಲಕ ಮರೆತ ಪೆದ್ದ ಯಾರೋ, ಅವನಿಗೂ ಒಂದು ಬನ್ನು ಕೊಡ್ಬೇಕು."

ಅವಳು ನಕ್ಕಳು. ಅವನು ಹೋದ ಮೇಲೆ ಮೆಲ್ಲನೆ ಕಟ್ಟೆಗೆ ಹೋಗಿ ಫಲಕ ಇಳಿಸಿದಳು.

ಮುಂದಿನ ದೋಣಿ ನಿಲ್ಲದೆ ಮಂಜಿನಲ್ಲಿ ಕರಗಿಹೋಯಿತು. ಪೆಟ್ಟಿಗೆ ತಣ್ಣಗಿತ್ತು. ಮನೆಯತ್ತ ಅರ್ಧ ಮೆಟ್ಟಿಲು ಹತ್ತಿದವಳು, ಇಳಿಸಿದೆನಲ್ಲವೇ ಎಂದುಕೊಂಡು ಮತ್ತೆ ಕೆಳಗೆ ಹೋದಳು. ಫಲಕ ಇಳಿದೇ ಇತ್ತು. ಮೇಲೆ ಬಂದು ಬಾಗಿಲಿನ ಹಿಡಿಗೆ ಕೈಹಾಕಿದಳು. ಅಲ್ಲಿಂದಲೇ ಇನ್ನೊಮ್ಮೆ ಕಟ್ಟೆಯ ಕಡೆಗೆ ತಿರುಗಿದಳು.