ಹಾಲಿನ ಪುಡಿ

"ನಿನ್ನ ಕೈ ತಗುಲಿದ್ದು ಯಾವತ್ತಾದ್ರೂ ಉದ್ಧಾರ ಆಗಿದೆಯೇನೋ? ಹೊಲಿಗೆ ಅಂಗಡಿ ಇಟ್ಟೆ, ಮುಳುಗ್ತು. ಲಾರಿ ಹತ್ತಿದೆ, ಹಳ್ಳಕ್ಕೆ ಬಿತ್ತು. ಈಗ ನನ್ನ ಕೋಳಿ!"

ಅಕ್ಕ ಸತ್ತ ಮರಿಯೊಂದನ್ನು ಕಾಲು ಹಿಡಿದೆತ್ತಿ ತಮ್ಮನ ಮೂಗಿನ ಮುಂದೆ ಆಡಿಸಿದಳು.

"ಲಾರಿ ಬಿದ್ದಾಗ ನಾನು ಓಡಿಸ್ತಿರಲಿಲ್ಲ ಅಕ್ಕ. ಪಕ್ಕದಲ್ಲಿ ಕೂತಿದ್ದೆ."

"ಅದನ್ನೇ ನಾನು ಹೇಳ್ತಿರೋದು. ನೀನು ಪಕ್ಕದಲ್ಲಿ ಕೂತರೂ ಸಾಕು."

ಷೆಡ್ಡಿನ ಉದ್ದಕ್ಕೂ ಇಪ್ಪತ್ತಾರು ದಿನದ ಮರಿಗಳು ಹೊಟ್ಟಿನ ಮೇಲೆ ಪುಕ್ಕ ಕೆದರಿಕೊಂಡು, ಕತ್ತು ಒಳಗೆಳೆದುಕೊಂಡು ಮುದುಕರ ಹಾಗೆ ಕೂತಿದ್ದವು. ಮೊದಲ ದಿನ ನಲವತ್ತು ಸತ್ತವು, ಮಾರನೆಯ ದಿನ ನೂರು ದಾಟಿತು. ಮೂರನೆಯ ದಿನವಾದ ಇವತ್ತು ಎಣಿಸುವುದನ್ನೇ ಬಿಟ್ಟು ಗೋಣಿಗೆ ತುಂಬುತ್ತಿದ್ದರು. ಮೂರು ಸಾವಿರ ಕೋಳಿಯ ಷೆಡ್ಡು. ಇಪ್ಪತ್ತು ವರ್ಷ ಅಕ್ಕ ಒಬ್ಬಳೇ ನಡೆಸಿದ್ದಳು. ಮೊದಲಿನಿಂದ ಕೊನೆಯವರೆಗೆ ತಮ್ಮನ ಕೈಗೆ ಬಿಟ್ಟದ್ದು ಇದೊಂದು ತಂಡವನ್ನು ಮಾತ್ರ.

ಬಿಟ್ಟಳು ಅಂದರೆ, ಅವನು ಗೋಗರೆದು ಪಡೆದ. ಇವು ದಡ ಸೇರಿದರೆ ತವರಿಗೆ ಹೋಗಿ ಕೂತಿದ್ದ ಹೆಂಡತಿಯನ್ನೂ ಮಗಳನ್ನೂ ಕರೆತರುತ್ತೇನೆ ಎಂದಿದ್ದ. "ಕಸುಬು ಹಿಡಿದಿದ್ದೀನಿ ಅಂತ ತೋರಿಸಬೇಕು ಅಕ್ಕ, ಬಾಯಲ್ಲಿ ಹೇಳಿದರೆ ಅವಳು ನಂಬಲ್ಲ." ನೂರು ಪುಟದ ನೋಟುಬುಕ್ಕು ತಂದು, ಯಾವ ದಿನ ಎಷ್ಟು ಕಾವು, ಯಾವ ದಿನ ಯಾವ ಲಸಿಕೆ ಎಂದು ಮಗ್ಗಿ ಬರೆಯುವ ಹುಡುಗನ ಹಾಗೆ ಬರೆದಿಟ್ಟಿದ್ದ. ನಲವತ್ತೊಂದರ ಗಂಡಸು, ಮೀಸೆ ನರೆತಿತ್ತು. ತಾಯಿ ಸತ್ತಾಗ ಅವನಿಗೆ ನಾಲ್ಕು, ಅಕ್ಕನಿಗೆ ಹದಿನಾಲ್ಕು. ಅಂದಿನಿಂದ ಅವಳಿಗೆ ಅವನು ಪುಟ್ಟ.

ಹೊರಗೆ ಸ್ಕೂಟರಿನ ಸದ್ದಾಯಿತು. ಕೋಳಿ ಡಾಕ್ಟರಮ್ಮ ಬಾಗಿಲಲ್ಲಿದ್ದ ಬ್ಲೀಚಿಂಗ್ ನೀರಿನ ತೊಟ್ಟಿಯಲ್ಲಿ ಎರಡೂ ಕಾಲು ಅದ್ದಿ ಒಳಗೆ ಬಂದರು. ಜಗಳ ಕೇಳಿಸಿತ್ತೋ ಏನೋ, ಯಾರ ಮುಖವನ್ನೂ ನೋಡಲಿಲ್ಲ. ಬೋರಲು ಹಾಕಿದ ಕ್ರೇಟಿನ ಮೇಲೆ ಸತ್ತ ಮರಿಯೊಂದನ್ನು ಮಲಗಿಸಿ ಕತ್ತರಿಯಿಂದ ಸೀಳಿದರು. ತೊಡೆಯ ಮಾಂಸದಲ್ಲಿ ರಕ್ತದ ಗೀರುಗಳಿದ್ದವು. ಬಾಲದ ಬುಡದ ಹತ್ತಿರದಿಂದ ಒಂದು ಗಂಟನ್ನು ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡರು. ಅದು ಊದಿ, ಕೊಳೆತ ದ್ರಾಕ್ಷಿಯ ಬಣ್ಣಕ್ಕೆ ತಿರುಗಿತ್ತು.

"ಗಂಬೋರೊ ರೋಗ," ಎಂದರು. "ನೋಡಿ ಅಮ್ಮ, ಈ ಗಂಟು ಮರಿಗೆ ಸ್ಕೂಲು ಇದ್ದ ಹಾಗೆ. ಕಾಯಿಲೆ ಜೊತೆ ಹೊಡೆದಾಡೋ ಕಣಗಳು ಇಲ್ಲೇ ಬಲಿಯೋದು. ಈ ವೈರಸ್ಸು ಬೇರೆಲ್ಲೂ ಹೋಗಲ್ಲ, ನೇರ ಇಲ್ಲಿಗೇ ನುಗ್ಗುತ್ತೆ. ಕಳ್ಳ ಮೊದಲು ನಾಯಿನ ಕೊಂದ ಹಾಗೆ."

"ಔಷಧಿ?"

"ಇಲ್ಲ."

"ಉಳಿದವು?"

"ಕೆಲವು ಬದುಕ್ತವೆ. ಆದರೆ ಕಾವಲು ಸತ್ತ ಮನೆ ಅಮ್ಮ. ನಾಳೆ ಸಣ್ಣ ನೆಗಡಿ ಬಂದರೂ ತಡೆಯೋರಿಲ್ಲ. ಬೇರೆ ಲಸಿಕೆ ಹಾಕಿದರೂ ಕಲಿಯೋಕೆ ಒಳಗೆ ಯಾರೂ ಇಲ್ಲ." ಡಾಕ್ಟರಮ್ಮ ಕತ್ತರಿ ಒರೆಸಿಕೊಂಡರು. "ಹದಿನಾಲ್ಕನೇ ದಿನ ಇದರ ಲಸಿಕೆ ಕೊಟ್ಟಿರಲಿಲ್ಲವಾ?"

ತಮ್ಮ ನೋಟುಬುಕ್ಕು ತೆರೆದು ತೋರಿಸಿದ. "ಕೊಟ್ಟೆ ಡಾಕ್ಟ್ರೇ. ನೀರಲ್ಲಿ."

"ನೀರಲ್ಲಿ ಬ್ಲೀಚಿಂಗ್ ಇರಲಿಲ್ಲ ತಾನೇ? ಲಸಿಕೆನೂ ವೈರಸ್ಸೇ, ಹಲ್ಲು ಕಿತ್ತ ಹಾವು. ಜೀವ ಇದ್ದರೆ ಮಾತ್ರ ಪಾಠ ಕಲಿಸುತ್ತೆ. ಒಂಚೂರು ಬ್ಲೀಚಿಂಗ್ ತಗುಲಿದರೂ ಸತ್ತು ಹೋಗುತ್ತೆ, ಆಮೇಲೆ ಬರೀ ನೀರು ಕುಡಿಸಿದ ಹಾಗೆ. ಅದಕ್ಕೇ ಹಾಲಿನ ಪುಡಿ ಕಲಸಿ ಅನ್ನೋದು. ಬ್ಲೀಚಿಂಗಿನ ಶಕ್ತಿನ ಅದು ಹೀರಿಕೊಳ್ಳುತ್ತೆ."

"ಪುಡಿ ಪೂರ್ತಿ ಪೊಟ್ಟಣ ಹಾಕಿದ್ವಿ. ಎರಡು ದಿನದಿಂದ ಬ್ಲೀಚಿಂಗ್ ಮುಟ್ಟಿರಲಿಲ್ಲ." ತಮ್ಮ ಅಕ್ಕನ ಕಡೆ ತಿರುಗಿದ. "ಅಲ್ವೇನಕ್ಕಾ?"

ಲಸಿಕೆ ಕೊಟ್ಟ ಆ ಮುಂಜಾನೆ ಅಕ್ಕನ ಕಣ್ಣ ಮುಂದೆ ಬಂದು ನಿಂತಿತು. ನೀರಿನ ಬಟ್ಟಲುಗಳ ತಳದಲ್ಲಿ ಲೋಳೆ ಕಟ್ಟಿತ್ತು. ಬ್ಲೀಚಿಂಗ್ ಮುಟ್ಟಬೇಡ ಎಂದು ಪುಟ್ಟ ಹೇಳಿದ್ದು ಕಿವಿಯಲ್ಲಿತ್ತು, ನಿಜ. ಆದರೆ ಕೊಳಕು ಬಟ್ಟಲಲ್ಲಿ ಔಷಧಿ ಕೊಡುವುದೆಂದರೇನು? ಇಪ್ಪತ್ತು ವರ್ಷ ತೊಳೆದ ಕೈ ತಾನಾಗಿ ಬ್ಲೀಚಿಂಗ್ ಡಬ್ಬಕ್ಕೆ ಹೋಯಿತು. ಅವನು ಏಳುವಷ್ಟರಲ್ಲಿ ಎಲ್ಲ ತೊಳೆದು, ಒಂದು ಸಲ ಜಾಲಿಸಿ, ಸಾಲಾಗಿ ಇಟ್ಟಿದ್ದಳು. ಆಮೇಲೆ ಹಾಲಿನ ಪುಡಿ. "ಟ್ಯಾಂಕಿಗೆ ನೀನು ಕಲಸು ಅಕ್ಕ, ನಾನು ಔಷಧಿ ತರ್ತೀನಿ" ಎಂದು ಅವನು ಪೊಟ್ಟಣ ಕೊಟ್ಟು ಹೋಗಿದ್ದ. ಮನುಷ್ಯರಿಗೇ ಹಾಲಿಲ್ಲ, ಕೋಳಿಗೆ ಕ್ಷೀರಾಭಿಷೇಕವಂತೆ! ನೀರು ತುಸು ಬೆಳ್ಳಗಾಗುವಷ್ಟು, ಎರಡೇ ಚಮಚ ಹಾಕಿದ್ದಳು. ಉಳಿದ ಪೊಟ್ಟಣ ಅಡುಗೆಮನೆಯ ಬೇಳೆ ಡಬ್ಬದ ಹಿಂದೆ ಇತ್ತು, ಬಾಯಿ ಮಡಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ.

"ಹೂಂ," ಎಂದಳು.

ಸುಳ್ಳು ಹೇಳಲು ಬಾಯಿ ತೆರೆಯಲೂ ಬೇಕಾಗಲಿಲ್ಲ. ಮೂಗಿನಲ್ಲೇ ಬಂತು.

"ಹಾಗಾದರೆ ದಾರಿಯಲ್ಲೇ ಬಿಸಿಯಾಗಿರಬೇಕು," ಎಂದರು ಡಾಕ್ಟರಮ್ಮ. "ಐಸು ಕರಗಿದ್ದರೆ ಮುಗೀತು. ತಂದೋರು ಯಾರು?"

"ನಾನೇ," ಎಂದ ತಮ್ಮ.

ಡಾಕ್ಟರಮ್ಮ ಸತ್ತವನ್ನು ಆಳಕ್ಕೆ ಹೂಳಿರಿ, ಸುಣ್ಣ ಹಾಕಿರಿ, ಬೇರೆ ಷೆಡ್ಡಿನ ಕಡೆ ಯಾರೂ ಹೋಗಬೇಡಿ ಎಂದು ಹೇಳಿ ಮತ್ತೆ ತೊಟ್ಟಿಯಲ್ಲಿ ಕಾಲದ್ದಿ, ಬಾಗಿಲ ಪಕ್ಕದಲ್ಲೇ ನಿಲ್ಲಿಸಿದ್ದ ಸ್ಕೂಟರ್ ಹತ್ತಿ ಹೊರಟರು.

ತಮ್ಮ ಫೀಡಿನ ಚೀಲದ ಮೇಲೆ ಕುಸಿದ. "ನೀನು ಅಂದಿದ್ದು ಸರಿ ಅಕ್ಕ. ಅವತ್ತು ಬರೋವಾಗ ಗಾಡಿ ಪಂಕ್ಚರ್ ಆಯ್ತು. ಹತ್ತು ನಿಮಿಷ ನಿಂತಿದ್ದೆ. ನೆರಳಲ್ಲೇ ನಿಂತಿದ್ದೆ. ಡಬ್ಬಿ ತೆಗೆದು ನೋಡಿದ್ದೆ, ಐಸು ಇತ್ತು." ನೋಟುಬುಕ್ಕಿನ ಹದಿನಾಲ್ಕನೇ ದಿನದ ಪುಟ ತೆರೆದು, "ಇತ್ತು ಅಂದ್ಕೊಂಡಿದ್ದೆ," ಎಂದ. ಪುಟ ಮುಚ್ಚಿ, "ಕರಗಿತ್ತು, ಅಲ್ವಾ?"

"ಬಿಡೋ ಈಗ ಅದನ್ನ."

"ಬಿಡೋದೇನು. ಮೂರು ಸಾವಿರ ಜೀವ. ನನ್ನ ಕೈಯೇ ಅಂಥದು."

ಬೆಳಗಿನಿಂದ ಅವಳು ಬಡಿದು ಬಡಿದು ಹೇಳಿದ್ದು ಇದನ್ನೇ. ಈಗ ಅವನೇ ಅದನ್ನು ಹೇಳುತ್ತಿದ್ದ. ಹೇಳಿಬಿಡಬೇಕು. ನಾಲ್ಕೇ ಮಾತು. ಅವಳ ಜೋರು ಬಾಯಿಗೆ ಊರೇ ಹೆದರುತ್ತಿತ್ತು. ಆ ನಾಲ್ಕು ಮಾತಿಗೆ ಅದು ತೆರೆಯಲಿಲ್ಲ.

ಅವನು ಎದ್ದ. ನೋಟುಬುಕ್ಕನ್ನು ಚೀಲದ ಮೇಲಿಟ್ಟು, ಅದರ ಮೇಲೆ ಪೆನ್ನಿಟ್ಟ. ಮೊಳೆಗೆ ಸಿಕ್ಕಿಸಿದ್ದ ಅಂಗಿ ತೊಟ್ಟುಕೊಂಡ.

"ಎಲ್ಲಿಗೋ?"

"ಇಲ್ಲೇ."

"ಲೋ ಪುಟ್ಟ..."

ಅವನು ತಿರುಗಿ ನೋಡಿದ. ಕಣ್ಣಲ್ಲಿ ನೀರೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ಏನಕ್ಕ?"

"ಟೀ ಕುಡಿದು ಹೋಗೋ."

"ಮನೇಲಿ ಹಾಲಿಲ್ಲ ಅಂದಿದ್ಯಲ್ಲ ಬೆಳಿಗ್ಗೆ."

ಅಕ್ಕನ ಕಣ್ಣು ಅಡುಗೆಮನೆಯ ಕಡೆ ಹೋಯಿತು.

ಅವನು ಒಂದು ಕ್ಷಣ ಕಾದ. ಆಮೇಲೆ ಬಾಗಿಲಿನ ತೊಟ್ಟಿಯಲ್ಲಿ ನಿಂತು, ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದಂತೆ ಎರಡೂ ಚಪ್ಪಲಿಯನ್ನು ಚೆನ್ನಾಗಿ ಅದ್ದಿದ, ರೋಗವನ್ನು ಬೇರೆಯವರ ಕೋಳಿಗೆ ಹೊತ್ತುಕೊಂಡು ಹೋಗಬಾರದಲ್ಲ. ಸಿಮೆಂಟಿನ ಅಂಗಳ ದಾಟಿ, ಗೇಟು ಎಳೆದು, ಚಿಲಕ ಹಾಕಿ ಹೋದ.

ಸಂಜೆಗೆ ಬರುತ್ತಾನೆ ಅಂದುಕೊಂಡು ಅಕ್ಕ ಎರಡು ಲೋಟ ತೊಳೆದಿಟ್ಟಳು. ಬರಲಿಲ್ಲ. ಹೆಂಡತಿಯ ತವರಿಗೆ ಫೋನು ಮಾಡಿದರೆ ಅಲ್ಲಿಗೂ ಹೋಗಿರಲಿಲ್ಲ. ಆ ವಾರ ಬರಲಿಲ್ಲ, ಆಮೇಲೂ ಬರಲಿಲ್ಲ.

ಅವನು ಹೋದ ಮಾರನೆಯ ಬೆಳಿಗ್ಗೆ ಅವಳು ಎಂದಿನಂತೆ ಅಂಗಳ ತೊಳೆಯಲು ಬಕೆಟ್ಟು ಹಿಡಿದು ಬಂದಳು. ಬ್ಲೀಚಿಂಗ್ ನೀರು ಒಣಗಿ, ಷೆಡ್ಡಿನ ಬಾಗಿಲಿಂದ ಗೇಟಿನ ತನಕ ಅವನ ಚಪ್ಪಲಿಯ ಬೆಳ್ಳನೆಯ ಹೆಜ್ಜೆಗಳು ಮೂಡಿದ್ದವು, ಯಾರೋ ಹಾಲಿನ ಪುಡಿ ಚೆಲ್ಲಿಕೊಂಡು ಹೋದ ಹಾಗೆ. ಅಕ್ಕ ಬಕೆಟ್ಟು ಕೆಳಗಿಟ್ಟು, ಪೊರಕೆ ತೆಗೆದುಕೊಂಡು, ಬಗ್ಗಿ, ಒಂದೊಂದು ಹೆಜ್ಜೆಯ ಸುತ್ತಲೂ ಗುಡಿಸತೊಡಗಿದಳು.