ಎಡಗಡೆಯಿಂದ ಬಂದ ಲಾರಿ

"ಇದೂ ಸರಿಯಿಲ್ಲ ಬಿಡ್ರಿ," ಎಂದು ಡ್ರೈವರ್ ಕೈಯಲ್ಲಿದ್ದ ಆಟದ ರಿಮೋಟನ್ನು ಮೇಜಿನ ಮೇಲೆ ಇಟ್ಟುಬಿಟ್ಟ. "ಎಡಗಡೆಯಿಂದ ಬರೋ ಗಾಡಿ ಇದ್ದಕ್ಕಿದ್ದ ಹಾಗೆ ಮೂಗಿನ ಮುಂದೆ ಬಂದು ನಿಲ್ಲುತ್ತೆ. ಹಾಗೆ ಬಂದ್ರೆ ಯಾವನು ತಾನೇ ಬ್ರೇಕ್ ಹಾಕ್ತಾನೆ?"

ಅಂಗಡಿಯ ಗೋಡೆಯ ಮೇಲಿನ ಟೀವಿಯಲ್ಲಿ ಅವನ ಕೆಂಪು ಕಾರು ನುಜ್ಜುಗುಜ್ಜಾಗಿ ಹೊಗೆ ಬಿಡುತ್ತಾ ನಿಂತಿತ್ತು. ಗುದ್ದಿದ ಲಾರಿಗೆ ಒಂದು ಗೀರೂ ಬಿದ್ದಿರಲಿಲ್ಲ.

"ಅಪ್ಪ, ಲಾರಿ ಅಷ್ಟು ದೂರದಿಂದ ಬರ್ತಾ ಇತ್ತು. ನೀನು ನೋಡ್ಲೇ ಇಲ್ಲ," ಎಂದಳು ಮಗಳು.

"ನಾನು ನೋಡ್ಲಿಲ್ವಾ? ನೀನು ಹುಟ್ಟೋಕೆ ಮುಂಚಿನಿಂದ ಬಸ್ ಓಡಿಸ್ತಿದ್ದೀನಿ ಕಣೇ ಗುಬ್ಬಿ."

ಸೇಲ್ಸ್‌ಮನ್ ಕತ್ತಿನ ಟೈ ಸಡಿಲಿಸಿಕೊಂಡ. ಬಂದಾಗಿನಿಂದ ಅವನು ಬಾಯಿಗೆ ಬಿಡುವು ಕೊಟ್ಟಿರಲಿಲ್ಲ, ಪಾಪ. "ಸರ್, ಇದು ಗೇಮಿಂಗ್‌ಗೇ ಅಂತ ಮಾಡಿರೋದು. ನೀವು ಬಟನ್ ಒತ್ತೋದಕ್ಕೂ ಕಾರು ತಿರುಗೋದಕ್ಕೂ ಮಧ್ಯೆ ಕೂದಲೆಳೆಯಷ್ಟೂ ತಡ ಆಗಲ್ಲ. ಈ ರೇಂಜಲ್ಲಿ ಇದಕ್ಕಿಂತ ಒಳ್ಳೇದು ನಿಮಗೆ ಸಿಗೋದೂ ಇಲ್ಲ."

ತೀರಾ ದುಬಾರಿಯದೂ ಬೇಡ, ಹೆಸರಿಗೊಂದು ಟೀವಿ ಅನ್ನುವಂಥದ್ದೂ ಬೇಡ, ನಡುವಿನದು ಸಾಕು ಎಂದು ಮನೆಯಲ್ಲೇ ಮಾತಾಗಿತ್ತು. ಅಪ್ಪನಿಗೆ ಭಾನುವಾರದ ಸಿನಿಮಾ, ಮಗಳಿಗೆ ಗೇಮು. ಅವನಿಗೆ ಹೊರದೇಶದ ಸಿನಿಮಾಗಳ ಹುಚ್ಚು, ಭಾಷೆ ಬರದಿದ್ದರೂ ಕೆಳಗೆ ಓಡುವ ಅಕ್ಷರ ಓದಿಕೊಂಡು ನೋಡುವವನು. ಇತ್ತೀಚೆಗೆ ಹಳೆಯ ಟೀವಿಯ ಮೇಲೆ ಅವನದು ಒಂದೇ ದೂರು: ಅದು ಎಡಬದಿಯನ್ನು ನುಂಗುತ್ತದೆ, ಪ್ರತಿ ಸಾಲಿನ ಮೊದಲ ಪದವೇ ಕಾಣುವುದಿಲ್ಲ. ಹೆಂಡತಿಗೆ ಎಲ್ಲ ಪದವೂ ಕಾಣುತ್ತಿತ್ತು. ಆದರೆ ಮಗಳು ಹೊಸ ಟೀವಿಗಾಗಿ ಗಂಟುಬಿದ್ದಿದ್ದಳಲ್ಲ, ಅವಳ ಪರವಾಗಿ ಗಂಡ ಹೂಡಿದ ನಾಟಕ ಇದು ಎಂದುಕೊಂಡು ಒಳಗೊಳಗೇ ನಕ್ಕು ಸುಮ್ಮನಾಗಿದ್ದಳು.

ಈಗ ಅಂಗಡಿಯಲ್ಲಿ ಅವನ ಬಲಕ್ಕೆ ನಿಂತಿದ್ದ ಅವಳಿಗೆ ನಗು ಬರಲಿಲ್ಲ. ಮೊದಲನೆಯ ಟೀವಿಯಲ್ಲಿ ಸಿನಿಮಾ ಹಾಕಿ ತೋರಿಸಿದಾಗಲೂ ಅವನು "ಅಕ್ಷರ ಅರ್ಧ ಬರ್ತಿದೆ" ಅಂದಿದ್ದ. ಎರಡನೆಯದರಲ್ಲಿ, ಕಪ್ಪು ಇನ್ನೂ ಕಪ್ಪಾಗಿ ಕಾಣುತ್ತದೆ ಎಂದು ಸೇಲ್ಸ್‌ಮನ್ ಹೊಗಳಿದ್ದರಲ್ಲಿ, ಅದೇ ಮಾತು. ಮೂರನೆಯದಕ್ಕೂ ಅದೇ ರೋಗ ಎಂದರೆ ಹೇಗೆ?

"ಇನ್ನೊಂದು ಸಲ ಆಡಿ ನೋಡಿ, ಸಮಾಧಾನವಾಗಿ," ಎಂದಳು.

ಆಟ ಶುರುವಾಯಿತು. ಅವಳು ಗಂಡನ ಬೆನ್ನ ಹಿಂದಿನಿಂದ ಹಾದು ಅವನ ಎಡಕ್ಕೆ ಬಂದು ನಿಂತಳು. ಅವಳದು ಕೂದಲು ಕತ್ತರಿಸುವ ಕೆಲಸ. ಕತ್ತರಿ ಹಿಡಿದ ಕೈ ಕಿವಿಯ ಪಕ್ಕಕ್ಕೆ ಬಂದರೆ ಎಂಥವರಾದರೂ ಒಂದು ಸಲ ಕಣ್ಣು ಪಿಳುಕಿಸುತ್ತಾರೆ. ಅದು ಅವರ ಕೈಲಿಲ್ಲ. ಅವಳು ಎರಡು ಬೆರಳನ್ನು ಕತ್ತರಿಯಂತೆ ಅಗಲಿಸಿ ಮೆಲ್ಲಗೆ ಗಂಡನ ಎಡಗಣ್ಣಿನ ಪಕ್ಕಕ್ಕೆ ತಂದಳು, ಇನ್ನೂ ಹತ್ತಿರ ತಂದಳು, ಆಡಿಸಿದಳು. ಅವನ ರೆಪ್ಪೆ ಅಲುಗಲಿಲ್ಲ.

ಟೀವಿಯಲ್ಲಿ ಎಡಗಡೆಯ ಅಡ್ಡರಸ್ತೆಯಿಂದ ಲಾರಿ ಬಂತು. ಅವನು ನೇರ ಹೋಗಿ ಗುದ್ದಿದ.

"ನೋಡಿದ್ಯಾ ಗುಬ್ಬಿ? ಅಮ್ಮ ಎಲ್ಲಿ ಹೋದ್ಲು? ಕರಿ, ಅವಳೂ ನೋಡ್ಲಿ."

ಮಗಳು ಅಮ್ಮನ ಮುಖ ನೋಡಿದಳು, ಅಪ್ಪನ ಎಡಗಣ್ಣಿನ ಪಕ್ಕದಲ್ಲಿ ನಿಂತೇ ಇದ್ದ ಅಮ್ಮನ ಕೈ ನೋಡಿದಳು.

"ಇಲ್ಲೇ ಇದ್ದೀನಿ ರೀ," ಎಂದಳು ಹೆಂಡತಿ.

ಅವನು ಬೆಚ್ಚಿಬಿದ್ದ. ಆ ಬೆಚ್ಚುವಿಕೆ ಕಂಡು ಅವಳಿಗೆ ಒಂದೊಂದೇ ನೆನಪಾಯಿತು. ಮನೆಯ ಕಾರಿನ ಎಡಬದಿಯ ಉದ್ದನೆಯ ಗೀರು. ಪಕ್ಕದ ಮನೆಯವರು ಕಾಂಪೌಂಡನ್ನು ರಸ್ತೆಗೇ ತಂದಿದ್ದಾರೆ ಎಂದು ಅವರನ್ನು ಬೈದಿದ್ದ. ಬಾಗಿಲ ಚೌಕಟ್ಟಿಗೆ ತಾಗಿಸಿಕೊಂಡು ಭುಜಕ್ಕೆ ಮಾಡಿಕೊಂಡ ಗಾಯ, ಊಟಕ್ಕೆ ಕೂತಾಗ ಉರುಳುತ್ತಿದ್ದ ನೀರಿನ ಲೋಟ. ಎಲ್ಲವೂ ಎಡಗಡೆಯವೇ. ನಾಳೆ ಬೆಳಿಗ್ಗೆ ಇವನು ಸ್ಕೂಲ್ ಬಸ್ ತೆಗೆಯುತ್ತಾನೆ. ಮಕ್ಕಳು ಹತ್ತಿ ಇಳಿಯುವ ಬಾಗಿಲಿರುವುದೂ ಎಡಗಡೆಗೇ.

"ಗುಬ್ಬಿ, ಇವರ ಜೊತೆ ಹೋಗಿ ಆ ಮೊದಲನೇ ಟೀವಿ ಇನ್ನೊಂದ್ಸಲ ನೋಡ್ಕೊಂಡು ಬಾ."

ಮಗಳು ಹೊರಟಳು, ಎರಡು ಸಲ ತಿರುಗಿ ನೋಡುತ್ತಾ. ಅವಳ ಹಿಂದೆ ಸೇಲ್ಸ್‌ಮನ್ ಹೋದ.

"ಯಾವಾಗಿಂದ?"

"ಏನು ಯಾವಾಗಿಂದ?"

"ನನ್ನ ಹತ್ರ ಆಟ ಕಟ್ಟಬೇಡಿ."

ಅವನು ಗೋಡೆಯ ತುಂಬ ನೇತುಹಾಕಿದ್ದ ಟೀವಿಗಳನ್ನು ನೋಡಿದ. ನೋಡಲು ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಬೇಕಾಯಿತು. "ನಿನ್ನಾಣೆಗೂ ಟೀವಿದೇ ತಪ್ಪು ಅಂದ್ಕೊಂಡಿದ್ದೆ ಕಣೇ. ಹಳೇದಾಯ್ತು, ಹೊಸದು ಬಂದ್ರೆ ಸರಿಹೋಗುತ್ತೆ ಅಂತ." ಕತ್ತು ಈಚೆ ತಿರುಗಿಸಿದ. "ಇಷ್ಟೊಂದು ಟೀವಿ ಒಟ್ಟಿಗೇ ಕೆಟ್ಟಿರಲ್ಲ, ಅಲ್ವಾ?"

"ಬಸ್ಸಲ್ಲಿ?"

"ಬಸ್ಸಲ್ಲಿ ಹುಷಾರಾಗಿರ್ತೀನಿ. ಕತ್ತು ತಿರುಗಿಸಿ ನೋಡ್ತೀನಿ, ಕನ್ನಡಿ ಇದೆ. ಇವತ್ತಿನವರೆಗೂ ಒಂದು ಮಗೂಗೂ ಏನೂ ಆಗಿಲ್ಲ."

"ಆ ಕಾಂಪೌಂಡಿಗೆ ತಾಗಿಸಿದ ದಿನ ಕತ್ತು ತಿರುಗಿಸಿದ್ರಾ?"

ಅವನ ಕೈ ಭುಜದ ಗಾಯದ ಮೇಲೆ ಹೋಯಿತು.

"ನಾಳೆ ಬಸ್ ತೆಗೀಬೇಡಿ. ಡಾಕ್ಟರ್ ಹತ್ರ ಹೋಗೋಣ."

"ಸ್ಕೂಲಲ್ಲಿ ಪರೀಕ್ಷೆ ನಡೀತಿದೆ. ಅದೊಂದು ಮುಗೀಲಿ, ನಾನೇ ಹೋಗ್ತೀನಿ. ಈಗ ಹೋದ್ರೆ ಅವರು ಗಾಡಿ ಓಡಿಸಬಾರದು ಅಂತ ಕಾಗದದ ಮೇಲೆ ಬರೆದುಬಿಡ್ತಾರೆ, ಆಮೇಲೆ ಮುಗೀತು." ಅವನ ದನಿ ಇಳಿಯಿತು. "ನನಗೆ ಸ್ಟೀರಿಂಗ್ ಬಿಟ್ರೆ ಬೇರೇನು ಬರುತ್ತೆ ಹೇಳು. ಮಕ್ಕಳು ಡ್ರೈವರ್ ಮಾಮ ಅಂತಾರೆ. ನಾಳೆಯಿಂದ ಏನಂತ ಕರೀತಾರೆ?"

ಅವಳಿಗೆ ಅಯ್ಯೋ ಅನ್ನಿಸಿತು. ಅದರ ಬೆನ್ನಿಗೇ ಸಿಟ್ಟೂ ಬಂತು. ಬಸ್ಸಿನ ಬಾಗಿಲ ಬಳಿ ಬಗ್ಗಿ ಶೂ ಲೇಸು ಕಟ್ಟಿಕೊಳ್ಳುವ ಪುಟ್ಟ ಮಗುವೊಂದು ಕಣ್ಣಮುಂದೆ ಬಂದದ್ದು ಸರಿಯಲೇ ಇಲ್ಲ.

"ಏನಂತ ಕರೀತಾರೋ ನಂಗೊತ್ತಿಲ್ಲ ರೀ," ಎಂದಳು. "ಕರೆಯೋಕೆ ಅವರು ಇರ್ಬೇಕಲ್ಲ."

ಅಷ್ಟು ಒರಟಾಗಿ ಹೇಳಬಾರದಿತ್ತು ಅನ್ನಿಸಿತು, ಆದರೆ ಹೇಳಿಯಾಗಿತ್ತು. ಅವನು ಮೇಜಿನ ಮೇಲಿನ ರಿಮೋಟನ್ನು ಎತ್ತಿಕೊಂಡು, ಏನು ಮಾಡಬೇಕೆಂದು ತೋಚದೆ ಮತ್ತೆ ಅಲ್ಲೇ ಇಟ್ಟ.

ಸೇಲ್ಸ್‌ಮನ್ ಮಗಳ ಜೊತೆ ಕೈ ಉಜ್ಜಿಕೊಳ್ಳುತ್ತಾ ಬಂದ. "ಮೇಡಂ, ಕೊನೆಗೆ ಯಾವುದು ಅಂತ ಆಯ್ತು?"

"ಮೊದಲನೇದು ಕೊಡಿ," ಎಂದಳು ಗಂಡನ ಮುಖ ನೋಡದೆ. "ಅದರಲ್ಲಿ ಏನೂ ಐಬಿಲ್ಲ."

ಸೇಲ್ಸ್‌ಮನ್ ಅನುಮಾನದಿಂದ ಡ್ರೈವರನ ಕಡೆ ತಿರುಗಿದ. ಅವನು ತಲೆಯಾಡಿಸಿದ. "ಹೌದು, ಅದು ಸರಿಯಾಗೇ ಇದೆ."

ಟೀವಿಯನ್ನು ಅಂಗಡಿಯವರೇ ಮನೆಗೆ ತಂದು ಗೋಡೆಗೆ ಕೂರಿಸುತ್ತಾರಂತೆ. ಏನಾದರೂ ತೊಂದರೆ ಬಂದರೆ ಒಂದು ಫೋನ್ ಸಾಕಂತೆ, ಬಂದು ಸರಿಮಾಡಿ ಹೋಗುತ್ತಾರಂತೆ. ಮೂವರೂ ಕೇಳಿಸಿಕೊಂಡು ಹೊರಟರು.

ಹೊರಗೆ ಇನ್ನೂ ಬಿಸಿಲಿತ್ತು. ಮಗಳು ಕಾರಿನ ಹಿಂದಿನ ಸೀಟಿನಲ್ಲಿ ಹತ್ತಿ ಕೂತಳು. ಗಂಟುಬಿದ್ದಿದ್ದ ಹೊಸ ಟೀವಿ ಸಿಕ್ಕಿದ್ದರೂ ಫೋನನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಡ್ರೈವರ್ ರೂಢಿಯಂತೆ ತನ್ನ ಬದಿಯ ಬಾಗಿಲಿಗೆ ಹೋದ. ಅಲ್ಲಿ ಹೆಂಡತಿ ಆಗಲೇ ಬಂದು ನಿಂತಿದ್ದಳು. ಕೈಚಾಚಲಿಲ್ಲ, ಕೇಳಲೂ ಇಲ್ಲ, ದಾರಿಯನ್ನೂ ಬಿಡಲಿಲ್ಲ.

ಅವನು ಜೇಬಿನಿಂದ ಕೀಗೊಂಚಲು ತೆಗೆದ. ಕಾರಿನ ಕೀ, ಮನೆಯ ಕೀ, ಹಳದಿ ದಾರ ಕಟ್ಟಿದ ಬಸ್ಸಿನ ಕೀ, ಎಲ್ಲ ಅದರಲ್ಲೇ ಇದ್ದವು. ಹಳದಿ ದಾರದ ಕೀಯನ್ನು ಬಿಡಿಸಿಕೊಳ್ಳಲೆಂದು ಗೊಂಚಲಿನ ರಿಂಗಿನ ಸಂದಿಗೆ ಉಗುರು ಹಾಕಿದ. ರಿಂಗು ಸ್ವಲ್ಪ ಬಾಯಿಬಿಟ್ಟಿತು. ಹಾಗೇ ತುಸು ಹೊತ್ತು ನಿಂತ. ಆಮೇಲೆ ಉಗುರು ತೆಗೆದು, ಗೊಂಚಲನ್ನು ಇಡಿಯಾಗಿ ಅವಳ ಕೈಗೆ ಕೊಟ್ಟ.

"ಕ್ಲಚ್ ಸ್ವಲ್ಪ ಬಿಗಿಯಿದೆ," ಎಂದ. "ನಿಧಾನಕ್ಕೆ ಬಿಡು."

ಕಾರಿನ ಮುಂಭಾಗವನ್ನು ಬಳಸಿಕೊಂಡು, ಬಾನೆಟ್ಟಿನ ಮೇಲೆ ಕೈಯಾಡಿಸುತ್ತಾ ಅವನು ಆ ಬದಿಗೆ ಹೋದ. ಎಡಬದಿಯ ತಗಡಿನ ಮೇಲೆ ಬೆರಳು ಸರಿಯುತ್ತಾ ಸರಿಯುತ್ತಾ ಉದ್ದನೆಯ ಗೀರಿಗೆ ಸಿಕ್ಕಿ ನಿಂತಿತು. ಅವನು ಬಗ್ಗಿ ಅದನ್ನು ನೋಡಿದ, ಆ ಗೀರಿನ ಮೇಲೇ ಬೆರಳಿಟ್ಟುಕೊಂಡು ನಡೆದು ಬಾಗಿಲಿನ ಹಿಡಿಕೆಯನ್ನು ಹುಡುಕಿದ.