ಹನ್ನೆರಡನೇ ನಂಬರಿಗೆ ಬೊಟ್ಟು

ಆಯುಧ ಪೂಜೆಯ ದಿನ ಬೆಳಿಗ್ಗೆ ಜಯಾ ಕೀಲಿಕೈ ಕೊಟ್ಟು, "ಅಜ್ಜಿ, ನನ್ನ ಸೀಡಿ ಪ್ಲೇಯರಿಗೂ ಚೂರು ಕುಂಕುಮ ಹಚ್ರಿ" ಎಂದು ಡ್ಯೂಟಿಗೆ ಓಡಿದಳು. ಬನಶಂಕರಿಯ ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಗದಗಿನ ಹುಡುಗಿ. ಜೆ.ಪಿ. ನಗರದ ಒಂದು ಲ್ಯಾಬಿನಲ್ಲಿ ದಿನಕ್ಕೆ ಒಂದು ಕೊಡ ರಕ್ತ ಹೀರಿ, ಬಂದ ಸಂಬಳವನ್ನೆಲ್ಲ ಸೀಡಿಗೆ ಸುರಿಯುತ್ತಾಳೆ.

ಅದೂ ಎಂಥ ಸೀಡಿ? ಯೂರೋಬೀಟ್ ಅಂತೆ. "ಇಟಲಿಯೊಳಗ ಹಾಡ್ತಾರ, ಜಪಾನದಾಗ ಕುಣೀತಾರ" ಎಂದು ವಿವರಿಸಿದ್ದಳು.

"ಮತ್ತೆ ಬನಶಂಕರೀಲಿ ನನ್ನ ಸೂರ್ ಯಾಕಮ್ಮಿ ಅಲ್ಲಾಡುತ್ತೆ?" ಎಂದು ಕೇಳಿದ್ದೆ. ಆ ಹಾಡಿನ ವೇಗಕ್ಕೆ ಕೆಳಗೆ ನನ್ನ ಕುಕ್ಕರ್ ಎರಡು ವಿಷಲ್ ಜಾಸ್ತಿ ಹಾಕುತ್ತದೆ.

ಒಂದೇ ಸರಣಿಯ ನಲವತ್ತು ಆಲ್ಬಮ್‌ಗಳಲ್ಲಿ ಅವಳ ಹತ್ತಿರ ಇಲ್ಲದ್ದು ಹನ್ನೆರಡನೆಯದು ಮಾತ್ರ. ಐದು ವರ್ಷದಿಂದ ಹುಡುಕುತ್ತಿದ್ದಳು. ಹನುಮಂತನಗರದಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ರಾಮಪ್ರಸಾದ್ ಎಂಬಾತನ ಹತ್ತಿರ ಅದು ಎರಡಿತ್ತು, ಇವಳ ಹತ್ತಿರ ಮೂವತ್ತೊಂದನೆಯದು ಎರಡಿತ್ತು. ಆ ದಿನ ನಾಲ್ಕು ಗಂಟೆಗೆ ಆತ ಬಂದು ಅದಲು ಬದಲು ಮಾಡಿಕೊಳ್ಳುವುದೆಂದು ಮಾತಾಗಿತ್ತು.

ನಮ್ಮ ಯಜಮಾನರು ಬಸ್ ಓಡಿಸುತ್ತಿದ್ದವರು. ಆಯುಧ ಪೂಜೆಗೆ ಬಸ್ಸಿಗೆ ಮಾತ್ರವಲ್ಲ, ಹಾರ್ನಿಗೂ ಸ್ಟೆಪ್ನಿಗೂ ಬೊಟ್ಟಿಡುತ್ತಿದ್ದರು. ಅದೇ ಪದ್ಧತಿಯಲ್ಲಿ ನಾನು ಪ್ಲೇಯರ್ ಮುಗಿಸಿ ಸೀಡಿ ಡಬ್ಬಿಗಳಿಗೂ ಒಂದೊಂದಾಗಿ ಇಡುತ್ತಾ ಹೋದೆ. ಒಂದು ಡಬ್ಬಿ ಮಾತ್ರ ಮೈತುಂಬ ಪ್ಲಾಸ್ಟಿಕ್ ಹೊದ್ದು ಕೂತಿತ್ತು. ಮುಸುಕು ಹಾಕಿಕೊಂಡವರಿಗೆ ಬೊಟ್ಟಿಡುವುದು ಹೇಗೆ? ಕತ್ತರಿ ತಂದು ಕರ್ರನೆ ಸೀಳಿ, ಒಳ್ಳೆಯ ದಪ್ಪ ಬೊಟ್ಟು ಇಟ್ಟೆ.

ಮೂರೂವರೆಗೆ ಬಂದ ಜಯಾ ಕಿರುಚಿದ ರಭಸಕ್ಕೆ ಬಸ್ ಸ್ಟ್ಯಾಂಡಿನಿಂದ ಹೊರಟ ಬಸ್ಸುಗಳೆಲ್ಲ ಗಕ್ಕನೆ ನಿಂತಿರಬೇಕು.

"ಸೀಲ್ ಹರದೀರಲ್ರೀ ಅಜ್ಜಿ! ಇದನ್ನ ಅವರಿಗೆ ಕೊಡೋದಿತ್ತು!"

"ಕೊಡು. ಅರಿಶಿನ ಕುಂಕುಮ ಸಮೇತ ಕೊಟ್ರೆ ಇನ್ನೂ ಲಕ್ಷಣ."

"ಸೀಲ್ ಇಲ್ಲಂದ್ರ ಅವರು ಮುಟ್ಟಂಗಿಲ್ರೀ. ಹನ್ನೆರಡನೇದು ಹೋತು..." ಎಂದು ಮೆಟ್ಟಿಲ ಮೇಲೆ ಕುಸಿದು ಕೂತಳು. ಕಣ್ಣು ತುಂಬಿತ್ತು. ನಾನು ಕತ್ತರಿಯನ್ನು ಮೆಲ್ಲಗೆ ಸೆರಗಿನಡಿ ಮುಚ್ಚಿಕೊಂಡೆ.

ಸರಿಯಾಗಿ ನಾಲ್ಕಕ್ಕೆ ರಾಮಪ್ರಸಾದ್ ಮಹಡಿ ಹತ್ತಿ ಬಂದ. ಐವತ್ತು ದಾಟಿದ ಮನುಷ್ಯ. ಕೈಚೀಲದಿಂದ ಮದುವೆ ಒಡವೆ ತೆಗೆಯುವ ಹಾಗೆ ಹನ್ನೆರಡನೆಯದನ್ನು ತೆಗೆದ. ನಮ್ಮ ಡಬ್ಬಿ ನೋಡಿದವನೇ ಮುಖ ಹುಳ್ಳಗೆ ಮಾಡಿದ.

"ಸಾರಿ ಮೇಡಂ. ನಂದು ಸೀಲ್ ಇದೆ, ನಿಮ್ದು ಓಪನ್ ಆಗಿದೆ. ಆಗಲ್ಲ."

"ಕೂತ್ಕೊಳಪ್ಪ, ಕಡ್ಲೆಪುರಿ ತಿನ್ನು" ಎಂದು ತಟ್ಟೆ ಮುಂದಿಟ್ಟೆ. "ನಿನ್ ಹತ್ರ ಸೀಲ್ ಒಡೀದೇ ಇರೋದು ಎಷ್ಟಿವೆ?"

"ಇನ್ನೂರು, ಅಮ್ಮ."

"ಹಾಡು ಹೆಂಗ್ ಕೇಳ್ತೀಯ?"

"ಫೋನಲ್ಲಿ."

"ಅಯ್ಯೋ ಶಿವನೇ! ಹೋಳಿಗೆ ಡಬ್ಬೀಲಿಟ್ಟು ಅದರ ಫೋಟೋ ನೋಡ್ಕೊಂಡು ಮುದ್ದೆ ನುಂಗ್ತಿದೀಯಲ್ಲಪ್ಪ!"

ಜಯಾ ಅಳುತ್ತಿದ್ದವಳು ಕಿಸಕ್ಕನೆ ನಕ್ಕಳು. ಆತ ನಗಲಿಲ್ಲ. ಹನ್ನೆರಡನೆಯದನ್ನು ಚೀಲಕ್ಕೆ ವಾಪಸ್ ಹಾಕಿ ಎದ್ದ.

"ಬಂದಿದ್ದೀಯ, ಒಂದು ಹಾಡು ಕೇಳ್ಕೊಂಡ್ ಹೋಗು. ಹೆಂಗೂ ಕೆಡ್ಸಾಯ್ತಲ್ಲ" ಎಂದು ನಾನೇ ಜಯಾಳ ಕೈಗೆ ಡಬ್ಬಿ ಕೊಟ್ಟೆ.

ಅವಳು ಹಾಕಿದಳು. ಅವಳ ಬೀರುವಿನಷ್ಟೆತ್ತರದ ಸ್ಪೀಕರ್ ಗುಡುಗಿತು. ತಟ್ಟೆಯ ಪುರಿ ಎದ್ದು ನಿಂತಿತು. ಮೊದಲ ಹಾಡಿಗೆ ಆತ ಬಾಗಿಲಲ್ಲೇ ನಿಂತಿದ್ದ. ಎರಡನೆಯದಕ್ಕೆ ಚೀಲ ಕೆಳಗಿಟ್ಟ. ಮೂರನೆಯದಕ್ಕೆ ಎರಡೂ ಕೈ ಎತ್ತಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸತೊಡಗಿದ. ಸೊಳ್ಳೆ ಇರಬೇಕೆಂದು ನಾನು ಬತ್ತಿ ಹುಡುಕಿದೆ. ನೋಡಿದರೆ ಜಯಾಳೂ ಪಕ್ಕದಲ್ಲಿ ನಿಂತು ಅದೇ ಲೆಕ್ಕದಲ್ಲಿ ಅದೇ ಕೈ ಬೀಸುತ್ತಿದ್ದಾಳೆ! ಜಪಾನಿನವರು ಹೀಗೇ, ಕಾಲು ಬಿಟ್ಟು ಕೈಯಲ್ಲೇ ಕುಣಿಯುತ್ತಾರಂತೆ. ಒಬ್ಬರಿಗೊಬ್ಬರು ಹೇಳಿಕೊಟ್ಟಿರಲಿಲ್ಲ, ಆದರೂ ಒಂದು ಬೆರಳು ತಪ್ಪಲಿಲ್ಲ.

ಹಾಡು ನಿಂತಾಗ ಆತ ಕನ್ನಡಕ ತೆಗೆದು ಬೆವರು ಒರೆಸಿಕೊಂಡ.

"ಫೋನಲ್ಲಿ ಎದೆಗೆ ಬೀಳೋ ಈ ಹೊಡ್ತ ಇಲ್ಲ ಅಮ್ಮ" ಎಂದ. ಚೀಲದಿಂದ ಹನ್ನೆರಡನೆಯದನ್ನು ಮತ್ತೆ ತೆಗೆದು, ಒಮ್ಮೆ ಸವರಿ ನನ್ನ ಕಡೆ ಚಾಚಿದ. "ಓಪನ್‌ಗೆ ಓಪನ್ ಆದ್ರೆ ಲೆಕ್ಕ ಸರಿಹೋಗುತ್ತೆ. ನೀವೇ ಕತ್ರಿ ಹಾಕಿ."

ಈ ಸಲ ಕರ್ರನೆ ಸೀಳದೆ, ಅಂಚಿನಲ್ಲಿ ಮೆಲ್ಲಗೆ ಕತ್ತರಿ ಆಡಿಸಿದೆ. ಬಿಚ್ಚಿ ಜಯಾಳ ಮಡಿಲಿಗಿಟ್ಟೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ನಾನು ಕುಂಕುಮದ ಭರಣಿ ತೆರೆದದ್ದು ಕಂಡು ತಟ್ಟನೆ ಎದೆಗವಚಿಕೊಂಡಳು.

"ಅಜ್ಜಿ..."

"ಉಳಿದ ಮೂವತ್ತೊಂಬತ್ತಕ್ಕೂ ಇಟ್ಟಿದೀನಿ. ಇದೊಂದು ಬೋಳು ಹಣೇಲಿ ಕೂತ್ಕೊಬೇಕಾ?"

ಅವಳು ಯೋಚಿಸಿ, ನಿಧಾನವಾಗಿ ಡಬ್ಬಿ ಮುಂದೆ ಹಿಡಿದಳು. "ಸಣ್ಣದ ಒಂದ ಇಡ್ರಿ ಮತ್ತ."

ಸಣ್ಣದೇ ಇಟ್ಟೆ. ಚಪಾತಿಯಷ್ಟು.